ನನ್ನ ತೋಳಿನ ರಕ್ತ

ಜೂನ್ 3, ಮಂಗಳವಾರ

ಬೆಳಗಿನಿಂದ ಬಲಗಣ್ಣು ಅದುರುತ್ತಿದೆ. ಹೆಂಗಸರಿಗೆ ಬಲಗಣ್ಣು ಒಳ್ಳೆಯದಲ್ಲ ಎಂದು ಅಮ್ಮ ಹೇಳುವುದು. ಮಾರ್ಕೆಟಿಗೆ ಹೊರಟವಳು ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಓಡಿ ಬಂದೆ. ಬಂದ್ ಇತ್ತು. ಪುನಃ ಇಳಿದ ಮೇಲೆ ಬೀಗ ಸರಿಯಾಗಿ ಬಿದ್ದಿದೆಯೋ ಎಂದು ಮತ್ತೆ ಹತ್ತಿದೆ. ಕೆಳಗಿನ ಮನೆಯ ಮಾನಸಿ ವಹಿನಿ ಮೆಟ್ಟಿಲು ಗುಡಿಸುತ್ತಿದ್ದವಳು, “ಕಾಯ್ ಗ ರಮಿತಾ, ಕುಲೂಪ್ ತುಲಾ ಸೋಡತ್ ನಾಹೀ ಕಾ?” ಎಂದು ನಕ್ಕಳು. ಬೀಗ ನಿನ್ನನ್ನು ಬಿಡುವುದೇ ಇಲ್ಲವಾ ಅಂತ. ನಗಲಿ. ಮುಂಬೈಯಿಂದ ಇಷ್ಟು ದೂರದ ಟಿಟ್ವಾಳಾದಲ್ಲೂ ಈಗ ಹಗಲಲ್ಲೇ ಕಳ್ಳತನ ಆಗುತ್ತದೆ.

ಇದನ್ನೆಲ್ಲ ಇವರ ಹತ್ತಿರ ಹೇಳಿದರೆ, “ನಿನ್ನ ಬಾಯಲ್ಲಿ ಒಳ್ಳೇದು ಬರುವುದೇ ಇಲ್ಲವಾ?” ಎಂದು ಸಿಟ್ಟು ಮಾಡುತ್ತಾರೆ. ಅದಕ್ಕೆ ಬರೆಯುವುದು. ಒಂಬತ್ತನೇ ಕ್ಲಾಸಿಗೆ ಬಿಟ್ಟವಳು, ತಪ್ಪಿದ್ದರೆ ಓದುವವಳು ನಾನೇ ತಾನೆ.

ಬರೆಯಬೇಕಾದದ್ದನ್ನು ಬಿಟ್ಟು ಬೇರೆಲ್ಲ ಬರೆಯುತ್ತಿದ್ದೇನೆ. ಬೆಳಿಗ್ಗೆ ಸ್ನಾನಕ್ಕೆ ಹೋದವರು ಟವೆಲಿಗೆ ಕರೆದರು. ಕೊಡುವಾಗ ಕಂಡಿತು. ಅಲ್ಲಿ, ಎಡಬದಿ, ಊದಿದ ಹಾಗೆ. ಇವರು ತಕ್ಷಣ ಗೋಡೆಯ ಕಡೆ ತಿರುಗಿ ನಿಂತರು. ಮದುವೆಯಾಗಿ ಆರು ವರ್ಷದಲ್ಲಿ ನನ್ನ ಮುಂದೆ ಹಾಗೆ ತಿರುಗಿ ನಿಂತವರಲ್ಲ.

ಜೂನ್ 8, ಭಾನುವಾರ

ಊಟಕ್ಕೆ ಬಡಿಸುವಾಗ ಕೇಳಿಯೇ ಬಿಟ್ಟೆ.

“ಅದು ಎಷ್ಟು ಸಮಯದಿಂದ ಹಾಗೆ?”

“ಯಾವುದು?”

“ನಿಮಗೆ ಗೊತ್ತುಂಟು ಯಾವುದು ಅಂತ.”

ಇವರು ಮೀನಿನ ಮುಳ್ಳು ತೆಗೆಯುತ್ತಾ ನಕ್ಕರು. “ಅದು ನೀರು ಮಾರಾಯ್ತಿ. ನಮ್ಮ ದೊಡ್ಡ ಮಾವನಿಗೆ ತೆಂಗಿನಕಾಯಿಯಷ್ಟು ಇತ್ತು. ಅದನ್ನು ಹೊತ್ತುಕೊಂಡೇ ಮುದುಕರಾದ್ರು. ಕೋಳಿ ಅಂಕಕ್ಕೆ ಎಲ್ಲರಿಗಿಂತ ಮುಂದೆ ಅವರೇ.”

“ನೋವು ಉಂಟಾ?”

“ಇಲ್ಲ. ನೋವಿದ್ರೆ ಹೇಳ್ತಿರಲಿಲ್ವಾ? ಸ್ವಲ್ಪ ಭಾರ, ಅಷ್ಟೇ.”

ಊರಿನಲ್ಲಿ ಆನೆಕಾಲಿನವರನ್ನು, ಹೀಗೆ ನೀರು ತುಂಬಿದವರನ್ನು ನಾನೂ ಕಂಡಿದ್ದೇನೆ. ಅಲ್ಲಿ ಅದನ್ನು ಯಾರೂ ರೋಗ ಎನ್ನುವುದಿಲ್ಲ, ಹೆಸರಿನ ಜತೆ ಸೇರಿಸಿ ಕರೆದು ತಮಾಷೆ ಮಾಡುತ್ತಾರೆ. ಆದರೆ ನೋವಿಲ್ಲ ಎಂದರಲ್ಲ, ಅದೇ ನನಗೆ ಸರಿ ಕಾಣಲಿಲ್ಲ. ಇಷ್ಟು ದೊಡ್ಡದಾಗಿ ಒಂದು ಸದ್ದೂ ಮಾಡದೆ ಕೂತಿದೆ ಎಂದರೆ ಏನರ್ಥ?

ಸೀರೆಗೆ ಫಾಲ್ ಹಚ್ಚುವಾಗ ಸೂಜಿ ಎರಡು ಸಲ ಬೆರಳಿಗೆ ಚುಚ್ಚಿತು. ಗಿರಾಕಿಯ ಸೀರೆಗೆ ರಕ್ತ ತಾಗಿತೋ ಎಂದು ಪೂರ್ತಿ ಬಿಡಿಸಿ ನೋಡಿದೆ. ತಾಗಿರಲಿಲ್ಲ.

ಜೂನ್ 16, ಸೋಮವಾರ

“ಅಳುವುದಿದ್ದರೆ ಡಾಕ್ಟರರ ಮುಂದೆ ಹೋಗಿ ಅಳು, ನಡೆ” ಎಂದು ಕೊನೆಗೂ ಬಂದರು. ಕಲ್ಯಾಣದಲ್ಲಿ ಗಂಡಸರ ಮೂತ್ರದ ತೊಂದರೆ ನೋಡುವ ಡಾಕ್ಟರ್. ಮರಾಠಿಯವರು, ವಯಸ್ಸಾದವರು, ನಿಧಾನ ಮಾತು. ಹೊರಗೆ ಕೂತವರೆಲ್ಲ ಗಂಡಸರು, ಎಲ್ಲರೂ ನೆಲ ನೋಡುತ್ತಿದ್ದರು. ನಾನೊಬ್ಬಳೇ ಹೆಂಗಸು. ಎದ್ದು ಓಡಿಹೋಗುವಾ ಅನಿಸಿತು, ಆದರೆ ನಾನು ಎದ್ದರೆ ಇವರೂ ಏಳುತ್ತಾರೆ ಎಂದು ಕೂತೆ.

ಒಳಗೆ ಡಾಕ್ಟರ್ ದೀಪ ಆರಿಸಿದರು. ಊದಿದಲ್ಲಿಗೆ ಟಾರ್ಚ್ ಒತ್ತಿ ಹಿಡಿದರು. ನೀರಾಗಿದ್ದರೆ ಬೆಳಕು ಹಾದು ಕೆಂಪಗೆ ಕಾಣುತ್ತದಂತೆ. ಪರದೆಯ ಈಚೆಯಿಂದ ನಾನೂ ನೋಡುತ್ತಿದ್ದೆ. ಎಲ್ಲೂ ಕೆಂಪು ಕಾಣಲಿಲ್ಲ. ಟಾರ್ಚಿನ ಬೆಳಕು ಅಲ್ಲೇ ನಿಂತಿತು.

“ನೀರಲ್ಲ, ಗಟ್ಟಿ ಇದೆ” ಎಂದರು ಹಿಂದಿಯಲ್ಲಿ.

“ಗಟ್ಟಿ ಅಂದ್ರೆ?”

“ಊಹೆ ಹೇಳುವುದಿಲ್ಲ. ಇವರ ರಕ್ತ ಮೂರು ಪರೀಕ್ಷೆಗೆ ಬರೆದಿದ್ದೇನೆ, ಮತ್ತೆ ಸೋನೋಗ್ರಫಿ. ಈ ವಾರವೇ ಮಾಡಿಸಿ ಬನ್ನಿ. ಮಕ್ಕಳೆಷ್ಟು?”

ಇಲ್ಲ ಎಂದೆ. ನನಗೆ ಮಾಡಿಸಿದ ಪರೀಕ್ಷೆಗಳನ್ನೆಲ್ಲ ಹೇಳಿದೆ. ಎಕ್ಸ್‌ರೇ, ಇಂಜೆಕ್ಷನ್, ಡೊಂಬಿವಲಿಯ ಆಯುರ್ವೇದದ ಔಷಧಿ.

“ಇವರನ್ನು ಯಾರೂ ಪರೀಕ್ಷೆ ಮಾಡಲಿಲ್ಲವೇ?”

ಆರು ವರ್ಷ ಆ ಮಾತು ಯಾರ ತಲೆಗೂ ಬರಲಿಲ್ಲ, ನನ್ನ ತಲೆಗೂ. ಏನೇನಕ್ಕೋ ಹೆದರುವವಳಿಗೆ ಅದೊಂದು ಹೆದರಿಕೆ ಬರಲಿಲ್ಲ ನೋಡು.

ಜೂನ್ 17, ಮಂಗಳವಾರ

ಇವತ್ತು ಸ್ಟೇಷನ್ ಹತ್ತಿರದ ರಕ್ತ ತೆಗೆಯುವ ಸೆಂಟರಿಗೆ ಹೋದೆವು. ಅಲ್ಲಿಯ ಜಯೇಶ್ ಭಾಯಿ ಡಾಕ್ಟರರ ಚೀಟಿ ನೋಡಿ ನಕ್ಕ.

“ಭಾಭೀ, ಇದರಲ್ಲಿ ಎರಡು ಭಾಯೀಸಾಬ್‌ದು. ಮೂರನೇದು, ಬೀಟಾ ಎಚ್‌ಸಿಜಿ, ಅದು ಲೇಡೀಸ್ ಟೆಸ್ಟ್. ಪ್ರೆಗ್ನೆನ್ಸಿದು.”

“ಡಾಕ್ಟರ್ ಇವರದ್ದೇ ರಕ್ತ ಅಂತ ಹೇಳಿದ್ರಲ್ಲ?”

“ಮಕ್ಕಳಿದ್ದಾರಾ?”

“ಇಲ್ಲ.”

“ಹಾಂ, ಅದಕ್ಕೇ. ಬಚ್ಚಾ ಆಗದ ಕೇಸಿನಲ್ಲಿ ಮಿಯಾ ಬೀವಿ ಇಬ್ಬರದೂ ಒಂದೇ ಚೀಟಿಯಲ್ಲಿ ಬರೀತಾರೆ. ದಿನಾ ನೋಡ್ತೀನಿ. ಗಂಡಸಿಗೆ ಈ ಟೆಸ್ಟ್ ಮಾಡಿದ್ರೆ ನನ್ನನ್ನು ಹುಚ್ಚ ಅಂತಾರೆ.”

ಇವರು ಜೋರಾಗಿ ನಕ್ಕರು. “ಹೌದು ಮಾರಾಯಾ, ನನಗೆ ಬಸಿರಾದ್ರೆ ಹೋಟೆಲಿನಲ್ಲಿ ರಜೆ ಸಿಗ್ಲಿಕ್ಕಿಲ್ಲ.”

ಡಾಕ್ಟರರಿಗೆ ಒಂದು ಫೋನ್ ಮಾಡುವಾ ಎಂದು ನಾಲಿಗೆಯ ತುದಿವರೆಗೆ ಬಂತು. ಅಷ್ಟರಲ್ಲಿ ಬೇರೊಂದು ಯೋಚನೆ ಅದನ್ನು ನುಂಗಿತು. ಈ ತಿಂಗಳು ನನಗೆ ತಡವಾಗಿದೆ. ಯಾರಿಗೂ ಹೇಳಿಲ್ಲ, ಇಲ್ಲಿ ಬರೆಯಲಿಕ್ಕೂ ದೃಷ್ಟಿ ಆಗುತ್ತದೆಂದು ಹೆದರಿದ್ದೆ. ಡಾಕ್ಟರರಿಗೆ ನನ್ನ ಮುಖ ನೋಡಿಯೇ ಗೊತ್ತಾಯಿತೋ ಏನೋ ಅನಿಸಿತು. ಇಂಜೆಕ್ಷನ್ ಸೂಜಿ ಎಂದರೆ ಬೆವರುವವಳು ನಾನೇ ಬಳೆ ಮೇಲೆ ಸರಿಸಿ ತೋಳು ಚಾಚಿದೆ.

ಜೂನ್ 19, ಗುರುವಾರ

ರಿಪೋರ್ಟ್ ಇವರ ಮೊಬೈಲಿಗೆ ಬಂತು. ಇವರ ಎರಡೂ ಸರಿ ಇದೆ, ಕೆಂಪು ಅಕ್ಷರ ಇಲ್ಲ. ನನ್ನದು ನೆಗೆಟಿವ್.

“ಕಂಡಿಯಾ? ಮೂರೂ ಒಳ್ಳೇದುಂಟು. ಸುಮ್ಮನೆ ಹೆದರಿಸಿದೆ” ಎಂದು ಇವರು ಹೋಟೆಲಿನಿಂದ ಬರುವಾಗ ಜಿಲೇಬಿ ತಂದರು. ಸೋನೋಗ್ರಫಿ ಎಂದೆ. “ಅದಕ್ಕೊಬ್ಬಳು ಹುಡುಗಿ ಕೂತಿರ್ತಾಳೆ, ಅವಳ ಮುಂದೆ ಬಿಚ್ಚಿ ಮಲಗ್ಬೇಕಾ? ಅದೂ ಬಸಿರಿ ಹೆಂಗಸರ ಮಿಷನ್. ರಕ್ತವೇ ಒಳ್ಳೇದಿದ್ದ ಮೇಲೆ ಆಯ್ತಲ್ಲ.”

ನಾನು ಹೆಚ್ಚು ಮಾತಾಡಲಿಲ್ಲ. ನನಗೆ ನನ್ನದೇ ಅಳು. ಬಾತ್‌ರೂಮಿನಲ್ಲಿ ನಳ್ಳಿ ಬಿಟ್ಟು ಅತ್ತೆ. ಮೇಲಿನ ಟಾಂಕಿ ಖಾಲಿಯಾದೀತೆಂದು ಬೇಗ ಬಂದ್ ಮಾಡಿದೆ.

ಜುಲೈ 6, ಭಾನುವಾರ

ಅಮ್ಮನ ಫೋನು. “ಎಂತ ವಿಶೇಷ?” ಎಂದು ಕೇಳುವಾಗ ಸ್ವರ ಎತ್ತಿ, “ಇಲ್ಲಮ್ಮ” ಎಂದಾಗ ಇಳಿಸುತ್ತಾಳೆ. ಇವರ ಮನೆಯವರಿಗೆ ಅವಸರವಿಲ್ಲ. ನಮ್ಮಲ್ಲಿ ಸಂತಾನದ ಲೆಕ್ಕ ಹೆಣ್ಣಿನ ಕಡೆಯಿಂದ, ಇವರ ಅಕ್ಕನಿಗೆ ಮೂವರಿದ್ದಾರೆ, ಆ ಮನೆ ನಡೆಯುತ್ತದೆ. ಅಮ್ಮನಿಗೆ ಹೆಣ್ಣೆಂದು ನಾನೊಬ್ಬಳೇ. ನನಗಾಗದಿದ್ದರೆ ಅಮ್ಮನ, ಅಜ್ಜಿಯ, ಅವರ ಹಿಂದಿನವರ ಕುಟುಂಬ ನನ್ನಲ್ಲಿಗೆ ನಿಂತಿತು. ದೈವಕ್ಕೆ ಹೂವಿಡಲಿಕ್ಕೆ ನಮ್ಮ ಕಡೆಯಿಂದ ಜನ ಇರುವುದಿಲ್ಲ. “ನಿನ್ನ ಹೊಟ್ಟೆ ನಿನ್ನದು ಮಾತ್ರ ಅಂತ ತಿಳೀಬೇಡ” ಎಂದಳು.

ಇವರು ಈಗ ಪ್ಯಾಂಟಿನ ಬದಲು ಲುಂಗಿಯಲ್ಲೇ ಇರುತ್ತಾರೆ, ಮನೆಯಲ್ಲಿದ್ದಾಗ.

ಜುಲೈ 24, ಗುರುವಾರ

ಬಹಳ ದಿನ ಬರೆಯಲಿಲ್ಲ. ಆರ್ಡರ್ ಜಾಸ್ತಿ.

ಇವರಿಗೆ ಸೊಂಟ ನೋವು. ಇಡೀ ದಿನ ಗಲ್ಲೆಯಲ್ಲಿ ಕೂತು, ಕ್ಯಾಶ್ ನೋಡಿ, ಲೋಕಲ್ ಟ್ರೈನಿನಲ್ಲಿ ನಿಂತು ಬಂದರೆ ಯಾರಿಗೆ ನೋಯುವುದಿಲ್ಲ ಎಂದು ಅವರೇ ಹೇಳುತ್ತಾರೆ. ಎಣ್ಣೆ ಬಿಸಿ ಮಾಡಿ ತಿಕ್ಕಿದೆ. ತಿಕ್ಕುವಾಗ ಬೆನ್ನಿನ ಮೂಳೆ ಕೈಗೆ ಸಿಕ್ಕಿತು. ಮೊದಲು ಹೀಗೆ ಸಿಗುತ್ತಿರಲಿಲ್ಲ. ಒಳಗಿನಿಂದ ನೋಯುತ್ತದೆ, ನಿನ್ನ ಕೈ ಅಲ್ಲಿಗೆ ಮುಟ್ಟುವುದಿಲ್ಲ ಎಂದರು.

ಮಲಗಿದ ಮೇಲೂ ಆ ಮಾತು ಹೋಗಲಿಲ್ಲ.

ಆಗಸ್ಟ್ 3, ಭಾನುವಾರ

ಇವರ ಎದೆ ಹೆಂಗಸರ ಹಾಗೆ ಸ್ವಲ್ಪ ಉಬ್ಬಿದೆ. ಅಂಗಿ ತಾಗಿದರೆ ನೋವಂತೆ. ಊಟ ಸೇರುವುದಿಲ್ಲ, ಬಂಗುಡೆಯ ವಾಸನೆಗೆ ಓಕರಿಸಿದರು.

ಅಲ್ಲಿಯದ್ದು ಹೇಗುಂಟು ಎಂದು ಕೇಳಿದೆ. “ಇದ್ದ ಹಾಗೇ ಉಂಟು” ಎಂದರು. ಸುಳ್ಳು. ಲುಂಗಿಯ ಮೇಲಿನಿಂದಲೇ ಕಾಣುತ್ತದೆ.

ಆಗಸ್ಟ್ 9, ಶನಿವಾರ

ಒಬ್ಬಳೇ ಕಲ್ಯಾಣಕ್ಕೆ ಹೋದೆ. ಇವರಿಗೆ ಹೇಳಲಿಲ್ಲ. ರಿಪೋರ್ಟನ್ನು ನನ್ನ ಮೊಬೈಲಿಗೆ ಹಾಕಿಸಿಕೊಂಡಿದ್ದೆ.

ಡಾಕ್ಟರ್ ಗುರುತು ಹಿಡಿದರು. “ಈ ವಾರವೇ ಬನ್ನಿ ಅಂದದ್ದು ಜೂನ್‌ನಲ್ಲಿ” ಎಂದರು. ಸಿಟ್ಟು ಮಾಡಲಿಲ್ಲ, ಮಾಡಿದ್ದರೆ ಒಳ್ಳೆಯದಿತ್ತು. ರಿಪೋರ್ಟ್ ನೋಡುತ್ತಾ ಹೋದವರು ಮೂರನೆಯದಕ್ಕೆ ನಿಂತರು.

“ಇದು ಯಾರ ರಕ್ತ?”

“ನನ್ನದು ಸಾರ್.”

“ನಿಮ್ಮದನ್ನು ಕೊಡಿ ಅಂತ ಯಾರು ಹೇಳಿದ್ದು?”

ಹೇಳಿದೆ. ಸೆಂಟರಿನವ ಹೇಳಿದ್ದು, ಇವರು ನಕ್ಕದ್ದು, ನನಗೆ ತಡವಾಗಿದ್ದದ್ದು. ಅದನ್ನೂ ಹೇಳಿದೆ. ಡಾಕ್ಟರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಗರ್ಭದಲ್ಲಿ ಆಗುವ ಅದೇ ಪದಾರ್ಥವನ್ನು ಗಂಡಸರ ವೃಷಣದ ಕೆಲವು ಗಡ್ಡೆಗಳೂ ಮಾಡುತ್ತವೆ. ಅದಕ್ಕೇ ಇವರದ್ದು ಬರೆದದ್ದು. ನನಗೆ ಬೇಕಾಗಿದ್ದ ಉತ್ತರ ಅದೇ.”

“ಹಾಗಾದ್ರೆ ಅವರ ರಕ್ತ...”

“ಯಾರೂ ನೋಡಿಯೇ ಇಲ್ಲ.”

ಎದೆ ಉಬ್ಬಿದ್ದು ಹೇಳಿದೆ, ಸೊಂಟ ನೋವು ಹೇಳಿದೆ. ಒಂದೊಂದು ಹೇಳಿದಾಗಲೂ ಅವರು ತಲೆ ಆಡಿಸಿದರು, ತಮಗೆ ಮೊದಲೇ ಗೊತ್ತಿದ್ದದ್ದನ್ನು ನಾನು ಹೇಳುತ್ತಿರುವ ಹಾಗೆ. ಇದು ಗುಣವಾಗುವ ಜಾತಿಯ ಕಾಯಿಲೆ ಎಂದರು. “ಆದರೆ ದಿನ ಕಳೆಯಬಾರದು, ತಾಯೀ. ಕಳೆದದ್ದು ಕಳೆಯಿತು. ಸೋಮವಾರ ಕರೆದುಕೊಂಡು ಬಾ. ಹೇಗೆ ತರುತ್ತೀ ನಿನಗೆ ಬಿಟ್ಟದ್ದು.”

ವಾಪಸ್ ಬರುವಾಗ ಲೋಕಲಿನಲ್ಲಿ ಕಿಟಕಿ ಸಿಕ್ಕಿತು. ಟಿಟ್ವಾಳಾ ಬಂದದ್ದು ಗೊತ್ತಾಗದೆ ಮುಂದಿನ ಸ್ಟೇಷನ್‌ವರೆಗೆ ಹೋದೆ. ಜೂನ್‌ನಿಂದ ನಾವು ನನ್ನ ರಕ್ತವನ್ನು ನಂಬಿ ಕೂತಿದ್ದೇವೆ.

ಆಗಸ್ಟ್ 11, ಸೋಮವಾರ

ಎರಡು ರಾತ್ರಿ ಹೇಳಿದೆ, ಕಿವಿಗೆ ಹಾಕಿಕೊಳ್ಳಲಿಲ್ಲ. “ಆ ಡಾಕ್ಟರಿಗೆ ಆಪರೇಷನ್ ಗಿರಾಕಿ ಬೇಕು” ಎಂದು ಬೆಳಿಗ್ಗೆ ಹೋಟೆಲಿಗೆ ಹೋದರು. ನಾನು ಅವರ ಹಿಂದೆಯೇ ಮುಂದಿನ ಗಾಡಿಯಲ್ಲಿ ಹೋಟೆಲಿರುವ ಶಹಾಡಿಗೆ ಹೋದೆ.

ಹೋಟೆಲು ಇವರ ಊರಿನ ದೇಜಪ್ಪಣ್ಣನದು. ನಾನು ಹೋದರೆ ಯಾವಾಗಲೂ ಹಿಂದಿನ ಬಾಗಿಲು, ಅಡುಗೆ ಕೋಣೆಯ ಬದಿಯದು. ಇವತ್ತು ಎದುರಿನಿಂದ ಹೋಗಿ ಗಲ್ಲೆಯ ಮುಂದಿನ ಟೇಬಲಿನಲ್ಲಿ ಕೂತೆ. ಫ್ಯಾಕ್ಟರಿಯವರು ನಾಷ್ಟಾ ಮಾಡುತ್ತಿದ್ದರು.

ದೇಜಪ್ಪಣ್ಣ ನೋಡಿ, “ಎಂತ ರಮಿತಾ, ದಾರಿ ತಪ್ಪಿತಾ? ಇಡ್ಲಿ ಕೊಡ್ಲಾ, ಸೀದಾ ಬಿಲ್ಲೇ ಕೊಡ್ಲಾ?” ಎಂದರು.

ಇವರ ಮುಖ ಕಪ್ಪಾಯಿತು. ಬಗ್ಗಿ ಸಣ್ಣ ಸ್ವರದಲ್ಲಿ, “ಮನೆಗೆ ಹೋಗು. ರಾತ್ರಿ ಮಾತಾಡುವಾ.”

“ಈಗ ಬನ್ನಿ. ಡಾಕ್ಟರ್ ಕಾಯ್ತಿದ್ದಾರೆ.”

“ಗಿರಾಕಿಗಳಿದ್ದಾರೆ, ಕಾಣುದಿಲ್ವಾ?”

“ಅವರಿಗೂ ಹೇಳ್ಲಾ?”

“ಎಂತ ಹೇಳುದು?” ಎಂದು ದೇಜಪ್ಪಣ್ಣ ಹತ್ತಿರ ಬಂದರು.

“ಇವರ ಬೀಜದಲ್ಲಿ ಗಡ್ಡೆ ಉಂಟು ದೇಜಪ್ಪಣ್ಣ. ಜೂನ್‌ನಲ್ಲೇ ಡಾಕ್ಟರ್ ಗಟ್ಟಿ ಉಂಟು ಅಂದಿದ್ದಾರೆ. ಇವರ ರಕ್ತ ಅಂತ ನನ್ನ ರಕ್ತ ಕೊಟ್ಟು, ಒಳ್ಳೇದುಂಟು ಅಂತ ಜಿಲೇಬಿ ತಿಂದು ಕೂತಿದ್ದೇವೆ.”

ಪಕ್ಕದ ಟೇಬಲಿನವ ಸಾಂಬಾರಿನ ಚಮಚ ಕೆಳಗಿಟ್ಟ. ಕನ್ನಡ ಬರುತ್ತಿತ್ತೋ ಏನೋ. ದೇಜಪ್ಪಣ್ಣ ಇವರ ಭುಜಕ್ಕೆ ಕೈ ಹಾಕಿದರು. “ಏಳು ತಾರಾನಾಥ. ಗಲ್ಲೆ ನಾನು ನೋಡ್ತೇನೆ. ನೀನು ಪ್ಯಾಂಟ್ ಸಡಿಲ ಮಾಡಿ ಕೂತುಕೊಳ್ಳುದು ನೋಡಿ ಹೊಟ್ಟೆ ಬಂತು ಅಂತ ತಮಾಷೆ ಮಾಡ್ತಿದ್ದೆ ನಾನು. ಏಳು ಮಾರಾಯ.”

ಕಲ್ಯಾಣದವರೆಗೆ ಇವರು ನನ್ನಿಂದ ದೂರ, ಗಾಡಿಯ ಬಾಗಿಲಲ್ಲೇ ನಿಂತರು. ಸೋನೋಗ್ರಫಿಗೆ ಗಂಡಸು ಡಾಕ್ಟರೇ ಇದ್ದರು. ರಕ್ತವನ್ನೂ ಅಲ್ಲೇ ತೆಗೆದರು. ಸೂಜಿ ಇವರ ತೋಳಿಗೆ ಹೋಗಿ ಟ್ಯೂಬು ತುಂಬುವವರೆಗೆ ನಾನು ಕಣ್ಣು ತೆಗೆಯಲಿಲ್ಲ.

ಆಗಸ್ಟ್ 13, ಬುಧವಾರ

ಗಡ್ಡೆಯೇ. ಎಡ ವೃಷಣ ಪೂರ್ತಿ ತೆಗೆಯಬೇಕು, ತೊಡೆಸಂದಿಯ ಮೇಲಿನಿಂದ ಕೊಯ್ದು. ಆ ಬೀಟಾ ಎಚ್‌ಸಿಜಿ ಏರಿದೆ, ಬಸಿರಿ ಹೆಂಗಸಿಗೆ ಏರಿದ ಹಾಗೆ.

ಇವರು ರಿಪೋರ್ಟ್ ಮಡಚಿಟ್ಟು, “ಹಾಗಾದ್ರೆ ಆಯ್ತಲ್ಲ ಮಾರಾಯ್ತಿ, ನಿನ್ನ ಅಮ್ಮನಿಗೆ ಫೋನ್ ಮಾಡು. ವಿಶೇಷ ಉಂಟು ಅಂತ” ಎಂದರು. ನಾನು ನಕ್ಕೆ. ಡಾಕ್ಟರರ ಮುಂದೆಯೇ ಇಬ್ಬರೂ ನಕ್ಕೆವು, ಮತ್ತೆ ಇವರ ನಗು ಎಲ್ಲಿ ನಿಂತಿತು ಅಳು ಎಲ್ಲಿ ಶುರುವಾಯಿತು ತಿಳಿಯಲಿಲ್ಲ.

ಆಪರೇಷನಿಗೆ ಮೊದಲು ವೀರ್ಯ ತೆಗೆದಿಡುವುದಿದೆ, ಮುಂದೆ ಮಗು ಬೇಕಾದರೆ, ಎಂದರು ಡಾಕ್ಟರ್. ಇವರು ಕೈ ಮುಗಿದರು. “ಆ ಒಂದು ಕೆಲಸ ಹೇಳ್ಬೇಡಿ ಸಾರ್. ಇನ್ನೊಂದು ಉಂಟಲ್ಲ, ಸಾಕು.”

ಆಗಸ್ಟ್ 21, ಗುರುವಾರ

ಥಾಣೆಯ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ತೆಗೆದದ್ದನ್ನು ಡಬ್ಬಿಯಲ್ಲಿ ತಂದು ತೋರಿಸಿದರು, ನೋಡುತ್ತೀರಾ ಎಂದು. ನೋಡಿದೆ.

ಆಗಸ್ಟ್ 25, ಸೋಮವಾರ

ಹೊಟ್ಟೆಯ ಸ್ಕ್ಯಾನಿನಲ್ಲಿ ಬೆನ್ನುಮೂಳೆಯ ಪಕ್ಕ ಗಂಟುಗಳು. ಸೊಂಟ ನೋವು ಅದರದ್ದು. ಅದು ನಾನು ಎಣ್ಣೆ ತಿಕ್ಕುತ್ತಿದ್ದ ಜಾಗದ ಒಳಗೇ ಇತ್ತು. ಗಡ್ಡೆ ತೆಗೆದ ಮೇಲೆ ಇಳಿಯಬೇಕಿದ್ದ ಆ ಎಚ್‌ಸಿಜಿ ಅಂಕಿ ಇಳಿಯಲಿಲ್ಲ, ಏರಿದೆ.

ಇಲ್ಲಿಯ ಕ್ಯಾನ್ಸರ್ ಡಾಕ್ಟರ್ ಹೆಂಗಸು, ಚಿಕ್ಕ ವಯಸ್ಸು. ಕಿಮೋ ಕೊಡಬೇಕು, ಮುಂದಿನ ಸೋಮವಾರ ಬೆಡ್ ಇದೆ ಎಂದರು. ಬಹಳ ಜನರಿಗೆ ಪೂರ್ತಿ ಗುಣವಾಗುತ್ತದೆ ಎಂದರು. ಜೂನ್‌ನಲ್ಲಿ ಬಂದಿದ್ದರೆ ಬರೀ ಆಪರೇಷನಿಗೆ ಮುಗಿಯುತ್ತಿತ್ತಾ ಎಂದು ಕೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿ, “ಈಗ ಮುಂದಿನದ್ದು ನೋಡೋಣ” ಎಂದರು. ಅದೇ ಉತ್ತರ.

ಕಿಮೋದಿಂದ ಬೀಜ ಸತ್ತುಹೋಗಬಹುದು, ಉಳಿದ ಇನ್ನೊಂದು ವೃಷಣ ಚಿಕ್ಕದಿದೆ, ವೀರ್ಯ ಇಡುವುದಾದರೆ ಈ ವಾರವೇ ಎಂದರು. ಈ ಸಲ ಇವರು ಕೈ ಮುಗಿಯಲಿಲ್ಲ. “ಎಲ್ಲಿಗೆ ಹೋಗ್ಬೇಕು?” ಎಂದು ಕೇಳಿದರು.

ಆಗಸ್ಟ್ 28, ಗುರುವಾರ

ಥಾಣೆಯಿಂದ ಪನ್ವೇಲ್ ಲೋಕಲ್ ಹಿಡಿದು ಸೀವುಡ್ಸಿಗೆ ಹೋದೆವು. ನಿನ್ನೆಯಷ್ಟೇ ಗಣಪತಿ ಕೂತಿದೆ, ಗಾಡಿಯಲ್ಲಿ ಹೊಸ ಬಟ್ಟೆಯವರೇ. ಹೊಲಿಗೆ ಎಳೆಯುತ್ತದೆ ಎಂದು ಇವರು ಒಂದು ಬದಿಗೆ ವಾಲಿ ಕೂತಿದ್ದರು.

ವೀರ್ಯ ತೆಗೆದಿಡುವ ಲ್ಯಾಬಿನಲ್ಲಿ ನಿಕಿತಾ ಎಂಬವಳು ಒಂದು ಕಪ್ ಕೊಟ್ಟು ಕೋಣೆ ತೋರಿಸಿದಳು. ಇವರು ನನ್ನ ಕಡೆ ನೋಡಿದರು, ಶಾಲೆಯ ಮೊದಲ ದಿನದ ಮಗುವಿನ ಹಾಗೆ. “ಹೋಗಿ ಬನ್ನಿ” ಎಂದೆ. ಗೋಡೆಯ ಟಿವಿಯಲ್ಲಿ ಯಾರದೋ ಆರತಿ ನಡೆಯುತ್ತಿತ್ತು. ಬಹಳ ಹೊತ್ತಿನ ಮೇಲೆ ಬಂದರು, ಕಪ್ಪಿನ ಮೇಲೆ ಕರವಸ್ತ್ರ ಮುಚ್ಚಿ. ನಿಕಿತಾ ಅದನ್ನು ಚಹಾದ ಕಪ್ಪಿನ ಹಾಗೆ ಸಹಜವಾಗಿ ತೆಗೆದುಕೊಂಡಳು. ಅಷ್ಟಕ್ಕೇ ನನಗೆ ಅವಳ ಮೇಲೆ ಪ್ರೀತಿ ಬಂತು.

ಸಂಜೆ ನಿಕಿತಾಳ ಫೋನು. “ತಾಈ, ನೋಡಿದೆವು. ಎರಡು ಸಲ ನೋಡಿದೆವು. ಅದರಲ್ಲಿ ಏನೂ ಇಲ್ಲ. ಸತ್ತದ್ದು ಸಹ ಇಲ್ಲ.”

ಆಪರೇಷನ್ ಆದದ್ದು ಈಗಷ್ಟೇ, ಮೈ ಸುಧಾರಿಸಲಿ, ಎರಡು ವಾರ ಬಿಟ್ಟು ಬಂದರೆ ಕೆಲವರಿಗೆ ನಾಲ್ಕೋ ಐದೋ ಸಿಗುತ್ತದೆ, ಒಂದು ಸಿಕ್ಕಿದರೂ ಇಡಬಹುದು, ಆದರೆ ಗ್ಯಾರಂಟಿ ಕೊಡಲಾಗುವುದಿಲ್ಲ ಎಂದಳು.

ಇವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಆಗಸ್ಟ್ 30, ಶನಿವಾರ

ಇವರು ಬೆಳಿಗ್ಗೆಯೇ ಶುರು ಮಾಡಿದರು. “ಡಾಕ್ಟರಮ್ಮನಿಗೆ ಫೋನ್ ಮಾಡು. ಬೆಡ್ ಎರಡು ವಾರ ಮುಂದೆ ಹಾಕ್ಲಿ.”

“ಯಾಕೆ?”

“ಇನ್ನೊಂದು ಸಲ ಸೀವುಡ್ಸಿಗೆ ಹೋಗುವಾ.”

“ಬೇಡ.”

“ಎಂತ ಬೇಡ? ನಿನಗಲ್ವಾ ಬೇಕಾದ್ದು? ಆರು ವರ್ಷ ಆ ಕಷಾಯ ಕುಡಿದವಳು ಯಾರು? ಇಷ್ಟು ವರ್ಷ ತಪ್ಪು ನನ್ನದೇ ಇತ್ತು ರಮಿತಾ. ಎರಡು ವಾರ ಕೊಡು ನನಗೆ. ಒಂದು ಸಿಕ್ಕಿದ್ರೆ ಸಾಕು ಅಂದಿದ್ದಾಳಲ್ಲ ಅವಳು.”

ಡಾಕ್ಟರಮ್ಮನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ನಿರ್ಧಾರ ನಿಮ್ಮದು, ನನ್ನ ಅಣ್ಣ ಆಗಿದ್ದರೆ ನಾನು ಕಾಯುತ್ತಿರಲಿಲ್ಲ, ಅಂಕಿ ಓಡುತ್ತಿದೆ ಎಂದರು.

“ಓಡ್ಲಿ. ಎರಡು ವಾರದಲ್ಲಿ ಎಲ್ಲಿಗೆ ಓಡ್ತದೆ?” ಎಂದರು ಇವರು, ಫೋನ್ ಇಟ್ಟ ಮೇಲೆ.

ಆಮೇಲೆ ನನಗೆ ತಿಳಿಯದ ಹಾಗೆ ಅಮ್ಮನಿಗೆ ಫೋನ್ ಮಾಡಿದ್ದಾರೆ. ಮಧ್ಯಾಹ್ನ ಅಮ್ಮ ಫೋನಿನಲ್ಲಿ ಅಳುತ್ತಿದ್ದಳು. “ಗಂಡನೇ ಕಾಯುವಾ ಅಂತಾನೆ, ನಿನಗೆಂತ ಅವಸರ? ಇಷ್ಟು ಸಮಯ ಹೋಗಿದೆ, ಇನ್ನು ಹತ್ತು ಹದಿನಾಲ್ಕು ದಿನದಲ್ಲಿ ಎಂತಾಗ್ತದೆ? ನಮ್ಮ ಕುಟುಂಬ ಕೊನೆಯಾಗ್ತದೆ ಮಗಾ. ನಿನ್ನ ಅಜ್ಜಿಗೆ ನಾನು ಎಂತ ಹೇಳ್ಲಿ?”

“ಅಜ್ಜಿ ಸತ್ತು ಹನ್ನೆರಡು ವರ್ಷ ಆಯ್ತಮ್ಮ.”

“ನಿನ್ನ ನಾಲಿಗೆ!”

“ಅಜ್ಜಿ ಕೇಳಿದ್ರೆ ರಮಿತಾ ಹೇಳಿದ್ದು ಅಂತ ಹೇಳು. ಇವರನ್ನು ಸೋಮವಾರವೇ ಕರ್ಕೊಂಡು ಹೋಗ್ತೇನೆ.”

ಫೋನಿಟ್ಟು ಅನ್ನಕ್ಕಿಟ್ಟೆ. ಇವರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಮಕ್ಕಳಿಲ್ಲದವಳು ಅಂತ ನಾಳೆ ಅವರೆಲ್ಲ ನಿನ್ನನ್ನೇ ಹೇಳುವುದು, ನನ್ನನ್ನಲ್ಲ, ಎಂದರು. ಹೇಳಲಿ ಎಂದೆ. ನನಗೆ ಮಗು ಬೇಡವೆಂದಲ್ಲ. ಲ್ಯಾಬಿನಲ್ಲಿ ಕೂತಾಗ ಹೆಸರು ಕೂಡ ಯೋಚಿಸಿದ್ದೆ, ಹೆಣ್ಣಾದರೆ. ಆ ಹೆಸರು ಇಲ್ಲಿ ಬರೆಯುವುದಿಲ್ಲ. ಒಂದು ಸಲ ನನ್ನ ಆಸೆಗೆ ತೋಳು ಚಾಚಿ ಇವರ ದಿನಗಳನ್ನು ತಿಂದೆ. ಇನ್ನೊಮ್ಮೆ ಚಾಚುವುದಿಲ್ಲ.

ಸೆಪ್ಟೆಂಬರ್ 1, ಸೋಮವಾರ

ಆಸ್ಪತ್ರೆಯಲ್ಲಿ ಕೂತು ಬರೆಯುತ್ತಿದ್ದೇನೆ. ಬೆಳಿಗ್ಗೆ ಬೇಗ ಹೊರಟೆವು. ಗಾಡಿಯಲ್ಲಿ ಇವರು ಒಂದೇ ಮಾತಾಡಿದ್ದು.

“ಮುಂದ್ಯಾವತ್ತಾದ್ರೂ ಇದಕ್ಕೆ ನೀನು ನನಗೆ ಬೈತಿ, ನೋಡು. ಅವತ್ತು ಯಾಕೆ ಹಟ ಮಾಡ್ಲಿಲ್ಲ ಅಂತ.”

“ಬೈಯಲಿಕ್ಕೆ ನೀವು ಇರ್ಬೇಕಲ್ಲ.”

ಇವರು ಕಿಟಕಿಯ ಹೊರಗೆ ನೋಡಿದರು. ಥಾಣೆ ಬರುವವರೆಗೆ ನನ್ನ ಕೈ ಬಿಡಲಿಲ್ಲ, ಜನರೆದುರು.

ವಾರ್ಡಿನಲ್ಲಿ ಹತ್ತು ಬೆಡ್. ನಮ್ಮದು ಕೊನೆಯದು, ಗೋಡೆಯ ಪಕ್ಕ. ಎದುರಿನ ಬೆಡ್ಡಿನವನಿಗೆ ಹುಬ್ಬೂ ಇಲ್ಲ, ವಯಸ್ಸು ಎಷ್ಟೆಂದು ಹೇಳಲಾಗುವುದಿಲ್ಲ. ಅವನ ಹೆಂಡತಿ ನನ್ನನ್ನು ನೋಡಿ ಸ್ಟೂಲು ಸರಿಸಿ ಕೊಟ್ಟಳು.

ಸಿಸ್ಟರ್ ಬಂದು ಬಾಟಲಿ ತೂಗುಹಾಕಿದರು, ನಳಿಕೆ ಜೋಡಿಸಿದರು. ಇವರ ಹೆಸರು ಕೇಳಿದರು, ಕೈಯ ಪಟ್ಟಿಯಲ್ಲಿ ತಾರಾನಾಥ ಸಾಲಿಯಾನ್ ಎಂದಿರುವುದನ್ನು ನೋಡಿದರು. ಮತ್ತೆ ನಳಿಕೆಯ ಚಕ್ರದ ಮೇಲೆ ಬೆರಳಿಟ್ಟು, “ಸಾಲಿಯಾನ್, ಸುರೂ ಕರೂ ಕಾ?” ಎಂದರು. ಶುರು ಮಾಡ್ಲಾ ಅಂತ.

ಇವರು ಮೇಲೆ ಮಾಡಿನ ಕಡೆ ನೋಡುತ್ತಾ ಮಲಗಿದ್ದರು. “ತಿಲಾ ವಿಚಾರಾ” ಎಂದರು. ಅವಳನ್ನು ಕೇಳಿ.

ಸಿಸ್ಟರ್ ನನ್ನ ಕಡೆ ತಿರುಗಿದರು.

ತಲೆಯಾಡಿಸಿ “ಕರಾ” ಎಂದೆ.